ಹೋರಿಯ ಹಿಂದೆ ಹೊರಡುವ ಮನೆ

ಬಲಿಪಾಡ್ಯಮಿ ಕಳೆಯಿತೆಂದರೆ ಹೊನ್ನಾಳಿ, ನ್ಯಾಮತಿ ಸೀಮೆಯ ಮನೆಗಳಲ್ಲಿ ಮಾತಿನ ವಿಷಯವೇ ಬದಲಾಗುತ್ತದೆ. ಭತ್ತದ ಧಾರಣೆ, ಅಡಿಕೆಯ ಧಾರಣೆ, ಹೆಣ್ಣು-ಗಂಡಿನ ಮಾತುಕತೆ ಎಲ್ಲವೂ ಹಿಂದೆ ಸರಿದು, ಯಾವ ಊರಿನ ಅಖಾಡದಲ್ಲಿ ಯಾವ ಹೋರಿ ಕೊಬ್ಬರಿ ಉಳಿಸಿಕೊಂಡು ಬಂತೆಂಬುದೇ ಮುಂದಾಗುತ್ತದೆ. ಬೆಂಗಳೂರಿನಲ್ಲಿ ಡರ್ಬಿಯ ದಿನ ಕುದುರೆಗಳ ವಂಶಾವಳಿಯನ್ನು ಬಾಯಿಪಾಠ ಮಾಡಿಕೊಂಡು ಹೊರಡುವವರನ್ನು ಕಂಡವರಿಗೆ ಈ ಉತ್ಸಾಹ ಹೊಸದೆನಿಸಲಾರದು. ಕುದುರೆ ಪಂದ್ಯ ಬರಿಯ ಅದೃಷ್ಟದಾಟವಲ್ಲ, ಅದು ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯವೇ 1996ರಲ್ಲಿ ತೀರ್ಪಿತ್ತಿದೆ. ಇರಲಿ. ಅಲ್ಲಿ ಹಣ ಕಟ್ಟಿದವನು ಕುದುರೆಯ ಮೈ ತಿಕ್ಕಿದವನಲ್ಲ. ನಮ್ಮಲ್ಲಿ ಹೋರಿಯ ಹಿಂದೆ ಹೊರಡುವುದು ಅದಕ್ಕೆ ಹುಲ್ಲು ಹಾಕಿದ ಮನೆಯೇ.

ಈ ಆಟವನ್ನು ಕಾಣದ ಓದುಗರಿಗಾಗಿ ಎರಡು ಮಾತು. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟುತ್ತಾರೆ. ಬೆನ್ನಿಗೆ ಝೂಲ, ಕೋಡಿಗೆ ಬಲೂನು, ರಿಬ್ಬನ್ನು, ಕಾಲಿಗೆ ಗೆಜ್ಜೆ. ಜನ ಕಿಕ್ಕಿರಿದ ಓಣಿಯಂಥ ಅಖಾಡದಲ್ಲಿ ಅದನ್ನು ಬಿಡುತ್ತಾರೆ. ಹಿಡಿಯುವ ಹುಡುಗರು ಕೊಬ್ಬರಿ ಹರಿಯಲು ಮೇಲೆ ಬೀಳುತ್ತಾರೆ. ಕೊಬ್ಬರಿ ಕೊಡದೆ ಗೆರೆ ದಾಟಿದರೆ ಗೆಲುವು ಹೋರಿಯದು, ಹರಿದರೆ ಹುಡುಗರದು. ಬಹುಮಾನವಾಗಿ ಮೊದಲು ಕೊಡ, ತಿಜೋರಿ ಇರುತ್ತಿದ್ದವು, ಈಗ ಬೈಕು, ಬಂಗಾರದ ಉಂಗುರ. ಗೆದ್ದ ಹೋರಿಯ ಬೆಲೆ ಲಕ್ಷಗಳಲ್ಲಿ ಏರುತ್ತದೆ. ಸಿನಿಮಾದ ನಾಯಕರ ಹೆಸರುಗಳನ್ನು ಹೊತ್ತು, ಅಂಗಿಯ ಮೇಲೆ ಅದರ ಚಿತ್ರ ಅಚ್ಚು ಹಾಕಿಸಿಕೊಂಡ ಅಭಿಮಾನಿಗಳನ್ನು ಹಿಂದಿಟ್ಟುಕೊಂಡು ಊರೂರು ತಿರುಗುವ ಹೋರಿಗಳೂ ಉಂಟು.

ನಮ್ಮ ಮನೆಯ ಹೋರಿಗೆ ಅಂಥ ಹೆಸರಿಲ್ಲ. ಮನೆಯವರೆಲ್ಲ ಅದನ್ನು ಬಸಣ್ಣನೆಂದೇ ಕರೆಯುತ್ತಾರೆ. ಮೂರು ವರ್ಷಗಳ ಹಿಂದೆ ನಮ್ಮ ತಮ್ಮನ ಮಗ ಅದನ್ನು ಕರುವಾಗಿದ್ದಾಗಲೇ ತಂದನು. ಮೈಕಟ್ಟಿನಲ್ಲಿ ಅಮೃತಮಹಲಿನ ಅಂಶ ಎದ್ದು ಕಾಣುತ್ತದೆ. ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದು, ಸೈನ್ಯದ ಸರಂಜಾಮುಗಳನ್ನು ಎಳೆದ ತಳಿಯದು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಚನ್ನಗಿರಿಯ ನಮ್ಮ ಬೀಗರ ತೋಟದಿಂದ ದೂರವೇನಲ್ಲ. ಓಟದಲ್ಲಿ ಆ ತಳಿಗೂ ಹಳ್ಳಿಕಾರಿಗೂ ಯಾವುದು ಮೇಲೆಂಬ ವಾದ ಬೀಗರು ಕೂಡಿದಾಗಲೆಲ್ಲ ಎದ್ದೇಳುತ್ತದೆ; ಊಟಕ್ಕೆ ಎಲೆ ಹಾಕುವವರೆಗೂ ಮುಗಿಯುವುದಿಲ್ಲ.

ಹೋರಿ ಸಾಕುವುದು ಮಗುವನ್ನು ಸಾಕಿದಂತೆಯೇ. ಬೆಳಗಿನ ಜಾವಕ್ಕೆ ಮೈ ತಿಕ್ಕಬೇಕು. ಹುರುಳಿ ಬೇಯಿಸಬೇಕು, ಹತ್ತಿಕಾಳು ರುಬ್ಬಬೇಕು, ಹಿಂಡಿ ನೆನೆಸಬೇಕು. ತುಂಗಭದ್ರೆಯಲ್ಲಿ ಈಜಿಸಿದರೆ ಉಸಿರು ಗಟ್ಟಿಯಾಗುತ್ತದೆಂದು ಹುಡುಗರು ಹೊಳೆಗೆ ಕರೆದೊಯ್ಯುತ್ತಾರೆ. ಕೆಲವರು ಕೋಳಿಮೊಟ್ಟೆ ಕುಡಿಸುವುದುಂಟು. ನಮ್ಮ ತಮ್ಮನ ಮಗನೂ ಒಮ್ಮೆ ಆ ಮಾತೆತ್ತಿದ್ದನು. ನಮ್ಮ ತಾಯಿಯವರು, "ಈ ಮನೆಯಲ್ಲಿ ಮನುಷ್ಯರು ತಿನ್ನದ್ದನ್ನು ಬಸಣ್ಣನಿಗೆ ತಿನ್ನಿಸುತ್ತೀಯೇನೋ?" ಎಂದು ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಹುರುಳಿಯಲ್ಲಿಯೇ ಅದರ ಮೈ ಕನ್ನಡಿಯಂತೆ ಮಿನುಗುತ್ತಿದೆ.

ಕಳೆದ ಮಾಗಿಯಲ್ಲಿ ನ್ಯಾಮತಿಯ ಕಡೆಯ ಒಂದು ಹಳ್ಳಿಯಲ್ಲಿ ದೊಡ್ಡ ಹಬ್ಬವಿತ್ತು. ಹೋರಿ ಗೂಡ್ಸ್ ಆಟೋದಲ್ಲಿ, ನಾವು ಹದಿನಾಲ್ಕು ಮಂದಿ ಟ್ರ್ಯಾಕ್ಟರಿನಲ್ಲಿ. ಹೆಂಗಸರು ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಕಟ್ಟಿಕೊಂಡಿದ್ದರು. ಜಗಳೂರಿನಿಂದ ನಮ್ಮ ಮಗಳು, ಅಳಿಯ, ಅಳಿಯನ ತಂದೆಯವರೂ ಬಂದಿದ್ದರು. ಹೋರಿಯನ್ನು ಬಿಡುವ ಮುನ್ನ ತಾಯಿಯವರು ಅದರ ಹಣೆಗೆ ವಿಭೂತಿ ಹಚ್ಚಿದರು. ಆ ಮೇಲಿನದು ಎಣಿಸಿದರೆ ಅರ್ಧ ನಿಮಿಷವೂ ಇಲ್ಲ. ಧೂಳು, ಕೇಕೆ, ಧ್ವನಿವರ್ಧಕ. ಇಬ್ಬರು ಹುಡುಗರು ಕೋಡಿಗೆ ಜೋತುಬಿದ್ದರು. ಒಬ್ಬ ಹತ್ತು ಮಾರು ಎಳೆಯಲ್ಪಟ್ಟು ಕೈಬಿಟ್ಟನು. ಬಸಣ್ಣ ಸರವನ್ನು ಕೊರಳಲ್ಲಿಯೇ ಇಟ್ಟುಕೊಂಡು ಗೆರೆ ದಾಟಿತು. ನಮ್ಮ ಕಡೆಯ ಹೆಂಗಸರು ಕೂಗಿದ ಕೂಗನ್ನು ನಾವು ಮದುವೆಯಲ್ಲಿಯೂ ಕೇಳಿಲ್ಲ.

ಆದರೆ ಗೆರೆ ದಾಟಿದ ಹೋರಿಗೆ ಗೆರೆ ದಾಟಿದೆನೆಂದು ತಿಳಿಯುವುದಿಲ್ಲ. ಅಖಾಡದ ಕೊನೆಯಲ್ಲಿ ಬೇಲಿಯಿರಲಿಲ್ಲ. ಅದು ಓಡುತ್ತ ಓಡುತ್ತ ಊರೊಳಗಿನ ಬೀದಿಗೆ ನುಗ್ಗಿತು. ಒಂದು ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬರು ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಅವರ ಮೊರವನ್ನು ಕೋಡಿನಿಂದ ಎತ್ತಿ ಎಸೆದು ಹೋರಿ ಮುಂದೆ ಹೋಯಿತು. ಅಜ್ಜಿಗೆ ಒಂದು ಗೀರೂ ಆಗಲಿಲ್ಲ. ಅದು ಒಂದು ಗೇಣಿನ ಅಂತರದ ಕೃಪೆ. ನಮ್ಮ ಸೊಸೆ ಹೋಗಿ ಅವರ ಕಾಲು ಮುಟ್ಟಿ ಬಂದಳು. ಮರಳುವ ದಾರಿಯಲ್ಲಿ ಟ್ರ್ಯಾಕ್ಟರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಗೇಣಿನ ಅಂತರ ಎಲ್ಲರಿಗೂ ಸಿಕ್ಕಿಲ್ಲ. ಶಿವಮೊಗ್ಗ, ಹಾವೇರಿ ಜಿಲ್ಲೆಗಳಲ್ಲಿ ಈಚಿನ ವರ್ಷಗಳಲ್ಲಿ ಹೋರಿ ತಿವಿದು ಜನ ಸತ್ತಿದ್ದಾರೆ. 2025ರ ದೀಪಾವಳಿಯಲ್ಲಿಯೂ ಹಾವೇರಿ ಜಿಲ್ಲೆಯಿಂದ ಸಾವಿನ ಸುದ್ದಿ ಬಂದಿತು. ಹಿಡಿಯಲು ಇಳಿದವನು ಅಪಾಯವನ್ನು ಒಪ್ಪಿಯೇ ಇಳಿದಿರುತ್ತಾನೆ. ಕಟ್ಟೆಯ ಮೇಲೆ ಕುಳಿತವರು ಏನನ್ನು ಒಪ್ಪಿದ್ದರು?

ಕಾನೂನಿನ ದಾರಿಯೂ ಏರಿಳಿತದ್ದೇ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟನ್ನೂ ಎತ್ತಿನಗಾಡಿ ಓಟವನ್ನೂ ನಿಷೇಧಿಸಿತು. ಕರ್ನಾಟಕವು 2017ರಲ್ಲಿ ತಿದ್ದುಪಡಿ ತಂದು ಕಂಬಳ, ಹೋರಿ ಓಟ, ಎತ್ತಿನಗಾಡಿ ಓಟಗಳಿಗೆ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಗಳೊಡನೆ ಇದನ್ನೂ ಎತ್ತಿಹಿಡಿಯಿತು. ಹಿಂಸೆಯಾಗಬಾರದೆಂಬ ಷರತ್ತು ಮಾತ್ರ ಉಳಿದೇ ಇದೆ. ನಮ್ಮ ಅಭಿಪ್ರಾಯದಲ್ಲಿ ಎರಡು ಕಡೆ ಗಟ್ಟಿ ಬೇಲಿ, ಕೊನೆಯಲ್ಲಿ ಹೋರಿ ದಣಿದು ನಿಲ್ಲುವಷ್ಟು ಬಯಲು ಇಲ್ಲದ ಊರಿನಲ್ಲಿ ಈ ಹಬ್ಬ ನಡೆಯಕೂಡದು. ಬಾಲ ತಿರುಚುವವನನ್ನೂ ಸಾರಾಯಿ ಕುಡಿದು ಇಳಿಯುವವನನ್ನೂ ಅಖಾಡದ ಹತ್ತಿರ ಬಿಡಕೂಡದು. ಬೈಕಿಗೆ ಹಣ ಕೂಡಿಸುವ ಸಮಿತಿಗೆ ಬಿದಿರಿಗೆ ಹಣ ಸಿಗುವುದಿಲ್ಲವೆಂದರೆ ನಂಬುವುದು ಕಷ್ಟ.

ಆ ರಾತ್ರಿ ಜಗಳೂರಿನ ಬೀಗರು ತಮ್ಮ ಸೀಮೆಯ ದೇವರ ಎತ್ತುಗಳ ಮಾತು ತೆಗೆದರು. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರಿಗೆಂದು ಬಿಟ್ಟ ಆ ದನಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ಅವನ್ನು ಬಯಲಿನಲ್ಲಿ ಕಾಯುತ್ತಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿಯೂ ಮೇವು ಹೊಂಚಿ ಹಿಂಡನ್ನು ಉಳಿಸಿಕೊಳ್ಳುತ್ತಾರೆ. "ನಮ್ಮ ಕಡೆ ಎತ್ತು ಸೋತರೂ ಅದೇ ಎತ್ತು, ಗೆದ್ದರೂ ಅದೇ ಎತ್ತು," ಎಂದರು ಬೀಗರು. ನಮ್ಮ ತಮ್ಮನ ಮಗ ಸುಮ್ಮನೆ ಕೇಳುತ್ತಿದ್ದನು.

ಎರಡು ವಾರದ ತರುವಾಯ ಶಿಕಾರಿಪುರದ ಕಡೆಯಿಂದ ಕೊಳ್ಳುವವರು ಬಂದರು. ಅವರು ಹೇಳಿದ ಬೆಲೆ ನಮ್ಮ ಎರಡು ವರ್ಷದ ಭತ್ತದ ಹುಟ್ಟುವಳಿಗಿಂತ ಹೆಚ್ಚಿನದು. ಮನೆಯ ಮೇಲೆ ಸಾಲವೂ ಇತ್ತು. ತಮ್ಮನ ಮಗ ನಮ್ಮ ಮುಖ ನೋಡಿ, "ದೊಡ್ಡಪ್ಪಾ, ನೀವು ಹೇಳಿದಂತೆ," ಎಂದನು. ನಾವು ತಾಯಿಯವರ ಮುಖ ನೋಡಿದೆವು. ತಾಯಿಯವರು ಬಂದವರಿಗೆ, "ವಯಸ್ಸಾದ ಮೇಲೆ ಇದನ್ನು ಏನು ಮಾಡುತ್ತೀರಪ್ಪಾ?" ಎಂದು ಕೇಳಿದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾಯಿಯವರು ಅವರಿಗೆ ಚಹಾ ಕೊಡಲು ಹೇಳಿ, ಹುರುಳಿಯ ಬುಟ್ಟಿ ಎತ್ತಿಕೊಂಡು ಕೊಟ್ಟಿಗೆಗೆ ಹೋದರು.