ಚಿತ್ರ ತೋರಿಸದ ಗ್ರಾಫಿಕ್ಸ್ ಕಾರ್ಡ್

2021ರಲ್ಲಿ ಗೇಮ್ ಆಡುವ ಹುಡುಗರಿಗೆ ಗ್ರಾಫಿಕ್ಸ್ ಕಾರ್ಡೇ ಸಿಗುತ್ತಿರಲಿಲ್ಲ. ಒಂದೇ ಮದರ್‌ಬೋರ್ಡಿಗೆ ರೈಸರ್ ಕೇಬಲ್ ಎಳೆದು, ಕಬ್ಬಿಣದ ಚೌಕಟ್ಟಿಗೆ ಆರೆಂಟು ಕಾರ್ಡ್ ನೇತುಹಾಕಿ ಹಗಲೂ ರಾತ್ರಿ ಈಥರ್ ಎಂಬ ಕ್ರಿಪ್ಟೋಕರೆನ್ಸಿಯ ಗಣಿ ತೋಡುವವರು ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುತ್ತಿದ್ದರು. ಆಗ ಎನ್ವಿಡಿಯಾ ಗಣಿಗಾರಿಕೆಗೆಂದೇ ಸಿಎಂಪಿ ಎಂಬ ಕಾರ್ಡ್ ತಂದಿತು. ಅದಕ್ಕೆ ಮಾನಿಟರ್ ಜೋಡಿಸುವ ಪೋರ್ಟೇ ಇಲ್ಲ! (ಹೆಸರಿಗೆ ಮಾತ್ರ ಗ್ರಾಫಿಕ್ಸ್ ಕಂಪನಿ ಅನ್ನಿ.)

2022ರ ಸೆಪ್ಟೆಂಬರ್ 15ರಂದು ಈಥರ್‌ನ ಜಾಲವಾದ ಎಥೀರಿಯಂ, ಗಣಿಗಾರಿಕೆಯೇ ಬೇಡದ ಪ್ರೂಫ್ ಆಫ್ ಸ್ಟೇಕ್ ಪದ್ಧತಿಗೆ ಹೊರಳಿತು. ಅದರ ಗಣಿಗಾರಿಕೆ ಅವತ್ತೇ ಬಂದ್. ಮಾಮೂಲಿ ಕಾರ್ಡುಗಳು ಸೆಕೆಂಡ್‌ಹ್ಯಾಂಡ್ ಆಗಿಯಾದರೂ ಗೇಮರುಗಳ ಕೈಸೇರಿದವು. ಸಿಎಂಪಿಯನ್ನು ಯಾರು ಮೂಸುತ್ತಾರೆ?

ಆನ್‌ಲೈನಿನಲ್ಲಿ ತೀರಾ ಅಗ್ಗದ ಹಳೇ ಕಾರ್ಡ್ ಕಂಡರೆ, ದುಡ್ಡು ಕೊಡುವ ಮುಂಚೆ ಅದಕ್ಕೆ ಎಚ್‌ಡಿಎಂಐ ಪೋರ್ಟ್ ಇದೆಯಾ ನೋಡಿಕೊಳ್ಳಿ.