ಎಡಗೈ ಇಡಿ, ಬಲಗೈಯಲ್ಲಿ ಆಡಿ

ಬರ್ಲಿನ್ನಿನ ವೇಬರ್‌ವೀಸೆ ಮೆಟ್ರೋ ನಿಲ್ದಾಣದಲ್ಲಿ ಇಳಿದು ಮೆಟ್ಟಿಲು ಹತ್ತಿ ಬಂದರೆ ಕಾರ್ಲ್ ಮಾರ್ಕ್ಸ್ ಅಲೇ. 1961ರವರೆಗೆ ಸ್ಟಾಲಿನ್ ಹೆಸರು ಹೊತ್ತಿದ್ದ ರಸ್ತೆ. ಇಕ್ಕೆಲದಲ್ಲೂ ಪೂರ್ವ ಜರ್ಮನಿಯ ಕಾಲದ ಭಾರಿ ಕಟ್ಟಡಗಳು. ಅದರಲ್ಲೊಂದರ ನೆಲ ಅಂತಸ್ತಿನಲ್ಲಿ, 2011ರಿಂದ, ಕಂಪ್ಯೂಟರ್ ಆಟಗಳ ಮ್ಯೂಸಿಯಂ ಇದೆ. ಟಿಕೆಟ್ ತಗೊಂಡು ಒಳಗೆ ಹೋಗಿ. ಸಮಾಜವಾದಿ ಸರ್ಕಾರದ ಕಾಲದಲ್ಲಿ ತಯಾರಾದ 'ಪಾಲಿ ಪ್ಲೇ' ಎಂಬ ಯಂತ್ರ ನಿಮ್ಮನ್ನು ನಿಲ್ಲಿಸಿಕೊಳ್ಳಲು ನೋಡುತ್ತದೆ. ಅದನ್ನು ಆಮೇಲೆ ನೋಡಿದರಾಯಿತು. ನೀವು ಬಂದಿರುವುದು 'ಪೇನ್‌ಸ್ಟೇಷನ್' ಆಡಲು.

ನೋಡಲು ಅದೊಂದು ಎತ್ತರದ ಮೇಜು, ನಡುವೆ ಪರದೆ. ನೀವು ಈ ಕಡೆ, ನಿಮ್ಮ ಸ್ನೇಹಿತ ಆ ಕಡೆ. ಪರದೆಯ ಮೇಲಿರುವುದು 'ಪಾಂಗ್'. 1972ರಲ್ಲಿ ಅಟಾರಿ ಕಂಪನಿಗಾಗಿ ಅಲನ್ ಆಲ್ಕಾರ್ನ್ ಕಟ್ಟಿದ ಆಟ: ಎರಡು ಗೆರೆ ಬ್ಯಾಟು, ಚೌಕದ ಚುಕ್ಕಿಯೊಂದು ಚೆಂಡು, ಅಷ್ಟೇ. ಬಲಗೈಯಿಂದ ಗುಂಡಿ ತಿರುಗಿಸಿದರೆ ಬ್ಯಾಟು ಸರಿಯುತ್ತದೆ. ಎಡಗೈಗೆ ಬೇರೆ ಕೆಲಸ. ಅದನ್ನು ಅಂಗೈ ಕೆಳಗಾಗಿ ಒಂದು ಲೋಹದ ಫಲಕದ ಮೇಲೆ ಒತ್ತಿ ಇಡಬೇಕು. ಇಟ್ಟ ಮೇಲೆಯೇ ಆಟ ಶುರು.

ಚೆಂಡು ಬರುತ್ತದೆ. ತಳ್ಳುತ್ತೀರಿ. ಮತ್ತೆ ಬರುತ್ತದೆ, ಈ ಸಲ ಓರೆಯಾಗಿ. ಗುಂಡಿ ತುಸು ಜಾಸ್ತಿ ತಿರುಗಿತು. ಚೆಂಡು ಬ್ಯಾಟಿನ ತುದಿ ದಾಟಿ ನಿಮ್ಮ ಬದಿಯ ಚಿಹ್ನೆಯೊಂದಕ್ಕೆ ಬಡಿಯಿತು. ಛಟ್! ತೆಳ್ಳನೆಯ ತಂತಿಯ ಚಾಟಿ ಗಿರ್ರನೆ ಸುತ್ತಿ ಕೈಯ ಹಿಂಬದಿಗೆ ಬಿತ್ತು. ಮೊದಲು ಬರುವುದು ಉರಿಯಲ್ಲ, ನಗು. ಸುತ್ತ ನಿಂತವರಿಗೂ ನಗು. ಉರಿ ಒಂದು ಗಳಿಗೆ ತಡವಾಗಿ ಏರುತ್ತದೆ, ಅಷ್ಟರಲ್ಲಿ ಚೆಂಡು ಮತ್ತೆ ಹೊರಟಿರುತ್ತದೆ.

ಚೆಂಡು ಯಾವ ಚಿಹ್ನೆಗೆ ತಾಗಿತೋ ಆ ಶಿಕ್ಷೆ. ಒಂದಕ್ಕೆ ಚಾಟಿ, ಇನ್ನೊಂದಕ್ಕೆ ಕರೆಂಟು, ಮತ್ತೊಂದಕ್ಕೆ ಕಾವು. ನನ್ನ ಪ್ರಕಾರ ಮೂರರಲ್ಲಿ ಗಟ್ಟಿಯದು ಕಾವು. ಚಾಟಿ ಬಿದ್ದು ಹೋಗುತ್ತದೆ, ಕರೆಂಟು ಜುಮ್ಮೆನ್ನಿಸಿ ಬಿಡುತ್ತದೆ. ಕಾವು ಮಾತ್ರ ಒಲೆ ಮೇಲಿನ ಹಂಚಿನ ಹಾಗೆ ಅಂಗೈ ಕೆಳಗೆ ನಿಧಾನಕ್ಕೆ ಏರುತ್ತಾ ನಿಮಗೆ ಯೋಚಿಸಲು ಸಮಯ ಕೊಡುತ್ತದೆ.

"ಸಾಕಾ?" ಎದುರಿನಿಂದ ಪ್ರಶ್ನೆ.

"ಆಡು, ಆಡು."

ಕೈ ತೆಗೆದವರು ಸೋತರು. ಇಲ್ಲಿನ ಕಾನೂನು ಇದೊಂದೇ. ಎಷ್ಟು ಚೆಂಡು ಬಿಟ್ಟಿರಿ ಎಂಬುದು ಗೆಲುವನ್ನು ನಿರ್ಧರಿಸುವುದಿಲ್ಲ. ಚೆನ್ನಾಗಿ ಆಡುವವರು ತಾಳಲಾರದೆ ಸೋಲಬಹುದು, ಆಟವೇ ಬಾರದವರು ಹಲ್ಲುಕಚ್ಚಿ ಗೆಲ್ಲಬಹುದು. ನಿಮ್ಮ ಕಣ್ಣು ಈಗ ಚೆಂಡಿಗಿಂತ ಎದುರಿನ ಮುಖದ ಮೇಲೆಯೇ ಹೆಚ್ಚು. ತುಟಿ ಬಿಗಿಯಿತೇ, ಭುಜ ಎದ್ದಿತೇ? ಕೊನೆಗೆ ಕಾವು ಇನ್ನೊಮ್ಮೆ ಏರಿದಾಗ ನಿಮ್ಮ ಎಡಗೈ ತಾನೇ ಮೇಲೆ ಬಂದಿರುತ್ತದೆ. ಆಟ ಮುಗಿಯಿತು. ಸ್ನೇಹಿತ ಗೆದ್ದ, ಅವನೂ ಕೈ ಝಾಡಿಸಿಕೊಳ್ಳುತ್ತಿದ್ದಾನೆ.

ಇದನ್ನು ಕಟ್ಟಿದ್ದು ದೊಡ್ಡ ಕಂಪನಿಯಲ್ಲ. 2001ರಲ್ಲಿ ಕಲೋನ್ ನಗರದ ಮಾಧ್ಯಮ ಕಲೆಗಳ ಅಕಾಡೆಮಿಯಲ್ಲಿದ್ದ ಫೋಲ್ಕರ್ ಮೊರಾವೆ ಮತ್ತು ಟಿಲ್ಮನ್ ರೈಫ್ ಎಂಬ ಇಬ್ಬರು ಕಲಾವಿದರು. ಅದೊಂದು ತಮಾಷೆ ಎಂದು ಬದಿಗಿಡುವವರ ಮಾತು ನನಗೆ ಒಪ್ಪಿಗೆಯಾಗದು. ಪರದೆಯ ಆಟಗಳಲ್ಲಿ ಸಾವಿರ ಸಲ ಸತ್ತರೂ ಮೈಗೆ ಏನೂ ಆಗದು; ಆ ನಿರಾಳವನ್ನು ಇವರು ಕಿತ್ತುಕೊಂಡರು, ತಪ್ಪಿನ ಬೆಲೆಯನ್ನು ಚರ್ಮಕ್ಕೆ ಮುಟ್ಟಿಸಿದರು. ಹಾಗಿದ್ದೂ ಇದರಲ್ಲಿ ಕ್ರೌರ್ಯವಿಲ್ಲ. ಕೈ ಇಟ್ಟವರು ನೀವೇ, ಯಾವ ಕ್ಷಣದಲ್ಲಾದರೂ ತೆಗೆಯಬಲ್ಲವರೂ ನೀವೇ. ಏಟು ಆಟವಾಗಬೇಕಾದರೆ ಈ ಬಿಡುಗಡೆ ಇರಲೇಬೇಕು.

ಆ ಬಿಡುಗಡೆ ಇಲ್ಲದ ಏಟು ಮಕ್ಕಳಿಗೆ ಬೀಳುವಂಥದ್ದು. ಈ ಯಂತ್ರ ಹುಟ್ಟುವ ಹಿಂದಿನ ವರ್ಷ, 2000ದಲ್ಲಿ, ಜರ್ಮನಿ ಮಕ್ಕಳಿಗೆ ಹೊಡೆತವಿಲ್ಲದೆ ಬೆಳೆಯುವ ಹಕ್ಕನ್ನು ಕಾನೂನಿನಲ್ಲೇ ಬರೆಯಿತು. ತಂದೆತಾಯಿ ಕೂಡ ಹೊಡೆಯುವಂತಿಲ್ಲ. ಈ ಮೇಜೂ ದೊಡ್ಡವರಿಗಷ್ಟೇ. ಎರಡೂ ಸರಿಯೇ.

ಬರ್ಲಿನ್ನಿಗೆ ಹೋದರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಈ ಆಟಕ್ಕೆ ಇಬ್ಬರು ಬೇಕು.