ಎಫ್ ಡ್ರೈವ್ ಇದ್ದ ಕಾಲ

ತೊಂಬತ್ತರ ದಶಕದಲ್ಲಿ ಕಚೇರಿ ಕಂಪ್ಯೂಟರಿನ ಮುಂದೆ ಕೂತವರಿಗೆ ಎಫ್ ಡ್ರೈವ್ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಎ, ಬಿ ಫ್ಲಾಪಿಗೆ. ಸಿ ಹಾರ್ಡ್ ಡಿಸ್ಕಿಗೆ. ಇ ತನಕದ ಅಕ್ಷರಗಳು ಡಾಸ್ ಪಾಲಾದರೆ ಸರ್ವರ್ ನಡೆಸುತ್ತಿದ್ದ ನೋವೆಲ್ ನೆಟ್‌ವೇರ್ ಅಲ್ಲಿಂದ ಮುಂದಕ್ಕೆ ಎಣಿಸುತ್ತಿತ್ತು. ಹಾಗಾಗಿ ನೆಟ್‌ವೇರ್ 3.11 ಇದ್ದ ಯಾವ ಕಚೇರಿಗೆ ಹೋದರೂ ಸಾಮಾನ್ಯವಾಗಿ ಸರ್ವರ್ ಅಂದರೆ ಎಫ್.

ನಮ್ಮಲ್ಲಿ ಸಂಬಳದ ಲೆಕ್ಕಕ್ಕೆ ಕ್ಲಿಪ್ಪರ್‌ನಲ್ಲಿ ಬರೆದ ಪ್ರೋಗ್ರಾಂ ಇತ್ತು. ಸರ್ವರ್‌ನಲ್ಲಿ ಒಂದೇ ಪ್ರತಿ, ನಡೆಸುವವರು ಹಲವರು. ಬರೆದವರು ಎಫ್ ಅಕ್ಷರವನ್ನು ಪ್ರೋಗ್ರಾಮಿನೊಳಗೇ ಕೂರಿಸಿ ಕೆಲಸ ಬಿಟ್ಟು ಹೋಗಿದ್ದರು. ಸರ್ವರ್ ಬೇರೆ ಅಕ್ಷರಕ್ಕೆ ಮ್ಯಾಪ್ ಆದರೆ ಫೈಲೇ ಸಿಗುತ್ತಿರಲಿಲ್ಲ. ಅದಕ್ಕೇ ಲಾಗಿನ್ ಸ್ಕ್ರಿಪ್ಟಿನಲ್ಲಿ ಆ ಮ್ಯಾಪ್ ಸಾಲಿನ ಮೇಲೆ 'ಇದನ್ನು ಬದಲಿಸಬೇಡಿ, ಸಂಬಳ ನಿಲ್ಲುತ್ತದೆ' ಎಂಬರ್ಥದ ಟಿಪ್ಪಣಿ ಇರುತ್ತಿತ್ತು. ಹೊಸಬರಿಗೆ ಕಚೇರಿಯ ಚರಿತ್ರೆ ಗೊತ್ತಾಗುತ್ತಿದ್ದದ್ದು ಅಂಥ ಸಾಲುಗಳಿಂದ.

ತಿಂಗಳ ಕೊನೆಗೇ ಈ ಎಫ್ ಕೈಕೊಡುತ್ತಿತ್ತು. "ಸಾರ್, ನಂಗೆ ಎಫ್ ಬರ್ತಿಲ್ಲ." ಅಷ್ಟರಲ್ಲಿ ಪಕ್ಕದ ಮೇಜಿನಿಂದ, "ನಂದೂ ಹೋಯ್ತು." ಸಾಲಿಗೆಲ್ಲ ಹಾದುಹೋದ ಒಂದೇ ಕರಿ ಕೇಬಲ್, ಪ್ರತಿ ಕಂಪ್ಯೂಟರಿನ ಹಿಂದೆ ಟಿ ಆಕಾರದ ಕನೆಕ್ಟರ್, ಎರಡು ತುದಿಗೂ 50 ಓಮ್‌ನ ಟರ್ಮಿನೇಟರ್. ಯಾರದೋ ಕಾಲು ತಾಗಿ ಒಂದು ಕಡೆ ಸಡಿಲವಾದರೆ ಇಡೀ ಸಾಲೇ ಬೀಳುತ್ತಿತ್ತು. ಮೇಜಿನಡಿ ಬಗ್ಗಿ ಒಂದೊಂದೇ ಕನೆಕ್ಟರ್ ತಿರುಗಿಸಿ ನೋಡುವಾಗ ಗುಮಾಸ್ತರು, ಅಕೌಂಟೆಂಟರು ಎಲ್ಲ ಒಟ್ಟಿಗೆ ಇರುತ್ತಿದ್ದೆವು. ಅವರಲ್ಲಿ ಎಷ್ಟೋ ಜನ ನೆಟ್‌ವರ್ಕ್ ಕಲಿತದ್ದೇ ಹಾಗೆ.

ವಿಂಡೋಸ್ ಬಂದ ಮೇಲೆ ತೊಂದರೆಯ ರೂಪ ಬದಲಾಯಿತು. ಡ್ರೈವ್ ಮೇಲೆ ಕೆಂಪು ಗುರುತು; ಒಮ್ಮೊಮ್ಮೆ ಒತ್ತಿದರೆ ತೆರೆದುಕೊಳ್ಳುತ್ತಿತ್ತು. ಪೆನ್ ಡ್ರೈವ್ ಹಾಕಿದಾಗ ಅಕ್ಷರಕ್ಕೆ ಪೈಪೋಟಿ. ವಿಸ್ಟಾದಿಂದ ಇನ್ನೊಂದು ಒಗಟು: ನಮ್ಮ ಕಣ್ಣಿಗೆ ಕಾಣುವ ಡ್ರೈವ್, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ತಂತ್ರಾಂಶಕ್ಕೆ ಕಾಣದು. ಒಬ್ಬನೇ ಬಳಕೆದಾರನಾದರೂ ವಿಂಡೋಸ್ ಲೆಕ್ಕದಲ್ಲಿ ಅವು ಎರಡು ಪ್ರತ್ಯೇಕ ಲಾಗಿನ್. ಒಂದರಲ್ಲಿ ಮಾಡಿದ ಮ್ಯಾಪ್ ಇನ್ನೊಂದಕ್ಕೆ ದಾಟುವುದಿಲ್ಲ. 2017ರಲ್ಲಿ, ವನ್ನಾಕ್ರೈ ಎಂಬ ಕುತಂತ್ರಾಂಶದ ಹಾವಳಿ ಎದ್ದ ವರ್ಷವೇ, ವಿಂಡೋಸ್ 10ರ ಹೊಸ ಆವೃತ್ತಿ, ಕಡತ ಹಂಚಿಕೆಯ ಹಳೆಯ ಭಾಷೆಯಾದ ಎಸ್‌ಎಂಬಿ 1 ಇಲ್ಲದೆ ಬರತೊಡಗಿತು. ಆ ಭಾಷೆಯೊಂದನ್ನೇ ಬಲ್ಲ ಹಳೆಯ ಸರ್ವರ್‌ಗಳಿಗೆ ದಾರಿ ಮುಚ್ಚಿತು. ಸುರಕ್ಷತೆಗೆ ಅದು ಬೇಕೇ ಇತ್ತು, ಒಪ್ಪುತ್ತೇನೆ.

ಆದರೂ ಎಫ್ ನಮಗೆ ಊರಿನ ಅರಳೀಕಟ್ಟೆಯಾಗಿತ್ತು. ಯಾವ ಫೋಲ್ಡರ್ ಯಾರದು, ಹೋದ ವರ್ಷದ ಸಂಬಳಪಟ್ಟಿ ಎಲ್ಲಿದೆ, ಯಾರನ್ನು ಕೇಳಿದರೂ ಹೇಳುತ್ತಿದ್ದರು. ಈಗ "ಲಿಂಕ್ ಕಳಿಸಿ" ಅನ್ನುತ್ತೇವೆ. ಕಳಿಸಿದವರು ಕೆಲಸ ಬಿಟ್ಟ ಮೇಲೆ ಲಿಂಕ್ ಒತ್ತಿದರೆ ಅನುಮತಿ ಇಲ್ಲ ಎನ್ನುತ್ತದೆ, ಆ ಕಡತ ನಿಜವಾಗಿ ಎಲ್ಲಿತ್ತೆಂದು ಪಕ್ಕದ ಮೇಜಿನವರಿಗೂ ಗೊತ್ತಿರುವುದಿಲ್ಲ.